ಕಾಯಿಲೆಯ ಮನೆ, ತೀರದ ಸಾಲ: ಯಾವ ಸಾಲಕ್ಕೆ ಯಾವ ದಾರಿ?

ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ತಿಂಗಳಲ್ಲಿ ಹನ್ನೆರಡು ಹದಿಮೂರು ದಿನ ಅದಕ್ಕೇ ಹೋಗುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಉಚಿತವಾಗಿ ಸಿಕ್ಕರೂ ಬಸ್ ಚಾರ್ಜು, ರಕ್ತ ಹೆಚ್ಚಿಸುವ ಇಂಜೆಕ್ಷನ್, ಜೊತೆಗೆ ಬರುವವರು ಕಳೆದುಕೊಳ್ಳುವ ಕೂಲಿ ಇವೆಲ್ಲ ಕೈಯಿಂದಲೇ ಹೋಗಬೇಕು. ಮಾರನೆಯ ದಿನವೂ ಸುಸ್ತು ಬಿಡುವುದಿಲ್ಲ. ಸಂಪಾದನೆ ಅರ್ಧಕ್ಕಿಳಿದರೂ ಕಂತಿನ ತಾರೀಕು ತಪ್ಪದೆ ಬರುತ್ತದೆ. ಪಾರ್ಶ್ವವಾಯು, ಹೃದಯದ ಕಾಯಿಲೆ, ಕ್ಯಾನ್ಸರ್, ಪಾರ್ಕಿನ್ಸನ್ ಇರುವ ಮನೆಗಳ ಲೆಕ್ಕವೂ ಹೆಚ್ಚೂಕಮ್ಮಿ ಇದೇ.

ಸಾಲ ತೀರಿಸುವ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಇಂಥ ಮನೆಗೆ ಹೊಂದುವುದಿಲ್ಲ. ನಾಲ್ಕಾರು ತಿಂಗಳು ಬಿಗಿ ಹಿಡಿದರೆ ದುಡಿಮೆ ಮೊದಲಿನಂತಾಗುತ್ತದೆ ಎಂದುಕೊಂಡೇ ಅವನ್ನು ಬರೆದಿರುತ್ತಾರೆ. ಹಾಗಾಗಿ ಬ್ಯಾಂಕಿಗೆ ಹೋಗುವ ಮೊದಲು ಡಾಕ್ಟರ ಹತ್ತಿರ ಹೋಗಿ ನೇರವಾಗಿ ಕೇಳಿ: ಆರು ತಿಂಗಳಲ್ಲಿ ಕೆಲಸಕ್ಕೆ ಹೋಗಬಹುದೇ? ಅರ್ಧ ದಿನದ ಕೆಲಸವಾದರೂ ಆದೀತೇ? ಮುಂದೆ ಹೆಚ್ಚುತ್ತಾ ಹೋಗುವ ಕಾಯಿಲೆಯೇ? ಉತ್ತರವನ್ನು ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಿ. ಕೆಳಗೆ ಹೇಳುವ ದಾರಿಗಳಲ್ಲಿ ಯಾವುದು ನಿಮ್ಮದು ಎಂದು ತೀರ್ಮಾನವಾಗುವುದು ಈ ಉತ್ತರದ ಮೇಲೆ. ಬ್ಯಾಂಕಿನವರ ಮುಂದೆ ಇಡಬೇಕಾದ ಮೊದಲ ಕಾಗದವೂ ಇದೇ.

ಮೊದಲು ಔಷಧದ ದುಡ್ಡು ಬೇರೆ ಮಾಡಿ

ಸಾಲ ಇರುವ ಬ್ಯಾಂಕಿನಲ್ಲೇ ನಿಮ್ಮ ಉಳಿತಾಯ ಖಾತೆಯೂ ಇದ್ದರೆ, ಬಾಕಿಯನ್ನು ಆ ಖಾತೆಯಿಂದ ಮುರಿದುಕೊಳ್ಳುವ ಹಕ್ಕು ಬ್ಯಾಂಕಿಗೆ ಇರುತ್ತದೆ. ಮಗ ಕಳಿಸಿದ ಇಂಜೆಕ್ಷನ್ ದುಡ್ಡು ಬೆಳಗಾಗುವಷ್ಟರಲ್ಲಿ ಕಂತಿಗೆ ಹೋಗಿರುತ್ತದೆ. ಯಾವ ಸಾಲವೂ ಇಲ್ಲದ ಬೇರೆ ಬ್ಯಾಂಕಿನಲ್ಲಿ ಒಂದು ಖಾತೆ ತೆರೆದು ಸಂಬಳ, ಪಿಂಚಣಿ, ನೆಂಟರ ನೆರವು ಎಲ್ಲ ಅಲ್ಲಿಗೇ ಬರುವಂತೆ ಮಾಡಿ. ಇದರಲ್ಲಿ ತಪ್ಪೇನೂ ಇಲ್ಲ. ಒಂದು ತಿಂಗಳ ಔಷಧ, ಪರೀಕ್ಷೆ, ಓಡಾಟ, ಪಥ್ಯದ ಊಟದ ಖರ್ಚನ್ನು ಬಿಲ್ಲು ನೋಡಿ ಬರೆದು, ಅಷ್ಟನ್ನು ತೆಗೆದಿಟ್ಟ ಮೇಲೆ ಉಳಿಯುವುದೇ ಸಾಲ ಕೊಟ್ಟವರಿಗೆ ಕಟ್ಟಬಹುದಾದ ಹಣ. ಔಷಧ ಬಿಟ್ಟು ಕಂತು ಕಟ್ಟಿದವರು ಎರಡು ತಿಂಗಳಲ್ಲಿ ಐಸಿಯು ಸೇರಿ, ಆ ಬಿಲ್ಲಿಗೆ ಮೊದಲಿನದಕ್ಕಿಂತ ದೊಡ್ಡ ಸಾಲ ಮಾಡಬೇಕಾಗುತ್ತದೆ.

ಬರಬೇಕಾದ ಹಣವನ್ನೂ ಈ ಹಂತದಲ್ಲೇ ಹುಡುಕಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದವರೆಗೆ. ತುರ್ತು ಸಂದರ್ಭ ಬಿಟ್ಟರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬೇಕು. ಅದಿಲ್ಲದೆ ನೇರ ಖಾಸಗಿ ಆಸ್ಪತ್ರೆಗೆ ಹೋಗಿ ಅಡ್ಮಿಟ್ ಆದವರಿಗೆ ಕಾರ್ಡ್ ಇದ್ದೂ ಪ್ರಯೋಜನವಾಗುವುದಿಲ್ಲ. ಎಷ್ಟೋ ಮನೆಗಳ ಸಾಲ ಶುರುವಾಗುವುದು ಅಲ್ಲಿಂದಲೇ.

ಸಂಬಳದಿಂದ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಡಿತವಾಗುವ ಕೆಲಸದಲ್ಲಿದ್ದರೆ, ಕಾಯಿಲೆ ಬಂತೆಂದು ದಯವಿಟ್ಟು ರಾಜೀನಾಮೆ ಬರೆದುಕೊಡಬೇಡಿ. ಸಾಧಾರಣ ಕಾಯಿಲೆಗೆ ವರ್ಷದಲ್ಲಿ 91 ದಿನ ವೇತನದ ಶೇ 70 ಸಿಗುತ್ತದೆ. ಮೂತ್ರಪಿಂಡ ವೈಫಲ್ಯ, ಕ್ಯಾನ್ಸರ್, ಪಾರ್ಶ್ವವಾಯು, ಕ್ಷಯದಂಥ 34 ದೀರ್ಘ ಕಾಯಿಲೆಗಳಿಗೆ ಶೇ 80ರಂತೆ ಎರಡು ವರ್ಷದವರೆಗೂ ಸಿಗಬಹುದು. ಅದಕ್ಕೆ ಎರಡು ವರ್ಷ ಸತತ ಕೆಲಸದಲ್ಲಿರಬೇಕು, ಹಿಂದಿನ ನಾಲ್ಕು ವಂತಿಗೆ ಅವಧಿಗಳಲ್ಲಿ (ತಲಾ ಆರು ತಿಂಗಳು) 156 ದಿನದ ವಂತಿಗೆ ಕಟ್ಟಿರಬೇಕು. ಸರ್ಕಾರಿ ನೌಕರಿಯಲ್ಲಿದ್ದು ಅಂಗವಿಕಲತೆ ಬಂದರೆ, ಆ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಪಿಎಫ್ ಖಾತೆಯಿಂದ ಕಾಯಿಲೆಗೆಂದು ಮುಂಗಡ ತೆಗೆಯಬಹುದು.

ಇನ್ನೊಂದನ್ನು ಬಹಳ ಜನ ನೋಡುವುದೇ ಇಲ್ಲ. ಗೃಹಸಾಲ, ವೈಯಕ್ತಿಕ ಸಾಲ ಕೊಡುವಾಗ ಸಾಲದ ಜೊತೆಗೇ ಒಂದು ವಿಮೆಯನ್ನೂ ಮಾರಿರುತ್ತಾರೆ. ಕೆಲವು ಪಾಲಿಸಿಗಳಲ್ಲಿ ಸಾವಿನ ಜೊತೆಗೆ ಗಂಭೀರ ಕಾಯಿಲೆ, ಶಾಶ್ವತ ಅಂಗವೈಕಲ್ಯಕ್ಕೂ ಪರಿಹಾರ ಇರುತ್ತದೆ. ಸಾಲದ ಖಾತೆಯ ಸ್ಟೇಟ್‌ಮೆಂಟ್‌ನ ಮೊದಲ ಪುಟದಲ್ಲಿ ಸಾಲ ಕೊಟ್ಟ ದಿನವೇ ಪ್ರೀಮಿಯಂ ಎಂದು ಕಡಿತವಾಗಿದೆಯೇ ನೋಡಿ. ಇದ್ದರೆ ಪಾಲಿಸಿಯ ಪ್ರತಿ ಕೇಳಿ ಪಡೆಯಿರಿ.

ಜೋರು ಮಾಡುವವರಿಗೆ ಮೊದಲು ಕೊಡಬೇಡಿ

ದಿನಕ್ಕೆ ಹತ್ತು ಸಲ ಫೋನ್ ಮಾಡುವುದು ಕ್ರೆಡಿಟ್ ಕಾರ್ಡಿನವರು, ಆ್ಯಪ್ ಸಾಲದವರು. ಗೃಹಸಾಲದ ಬ್ಯಾಂಕು ತಣ್ಣಗೆ ಒಂದು ನೋಟಿಸ್ ಕಳಿಸುತ್ತದೆ, ಅಷ್ಟೆ. ಆದರೆ ಮನೆ ಹೋಗುವುದು ಆ ನೋಟಿಸಿನಿಂದ. ಕಂತು 90 ದಿನ ಮೀರಿ ಬಾಕಿ ನಿಂತರೆ ಖಾತೆ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ. ಆಮೇಲೆ, ಕೋರ್ಟಿಗೆ ಹೋಗದೆಯೇ ಅಡವಿನ ಆಸ್ತಿ ವಶಪಡಿಸಿಕೊಳ್ಳಲು ಬ್ಯಾಂಕಿಗೆ ಅಧಿಕಾರ ಕೊಡುವ ಸರ್ಫೇಸಿ ಕಾಯ್ದೆಯಡಿ 60 ದಿನದ ನೋಟಿಸ್, ಸ್ವಾಧೀನ, 30 ದಿನದ ಮಾರಾಟ ನೋಟಿಸ್, ಹರಾಜು. ನೋಟಿಸಿಗೆ ಲಿಖಿತ ಆಕ್ಷೇಪಣೆ ಕೊಟ್ಟರೆ ಬ್ಯಾಂಕ್ 15 ದಿನದಲ್ಲಿ ಉತ್ತರಿಸಬೇಕು. ಸ್ವಾಧೀನದ ಕ್ರಮಕ್ಕೆ ಇಳಿದರೆ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಪೂರ್ತಿ ಬಾಕಿ ಕಟ್ಟಿ ಮನೆ ಬಿಡಿಸಿಕೊಳ್ಳುವ ಹಕ್ಕು ಹರಾಜು ಪ್ರಕಟಣೆ ಹೊರಬೀಳುವವರೆಗೆ ಮಾತ್ರ. ಹರಾಜಿನ ದಿನ ದುಡ್ಡು ಹೊಂದಿಸಿಕೊಂಡು ಓಡಿದರೆ ಕಾಲ ಮೀರಿರುತ್ತದೆ. ಕೃಷಿ ಜಮೀನಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ.

ಆದ್ದರಿಂದ ಕಟ್ಟುವ ಸರದಿ ಹೀಗಿರಲಿ: ವಾಸದ ಮನೆ ಅಡವಿದ್ದ ಸಾಲ ಮೊದಲು. ಬೇರೆಯವರು ಜಾಮೀನು ಹಾಕಿದ ಸಾಲ ಎರಡನೆಯದು, ಏಕೆಂದರೆ ಜಾಮೀನುದಾರರ ಹೊಣೆ ನಿಮ್ಮಷ್ಟೇ ಇರುತ್ತದೆ, ನಿಮ್ಮನ್ನು ಬಿಟ್ಟು ನೇರ ಅವರ ಸಂಬಳಕ್ಕೂ ಕೈಹಾಕಬಹುದು. ಚೆಕ್ ಕೊಟ್ಟು ಮಾಡಿದ ಸಾಲ ಮೂರನೆಯದು. ಅಡವೂ ಜಾಮೀನೂ ಇಲ್ಲದ ಕಾರ್ಡ್, ವೈಯಕ್ತಿಕ ಸಾಲ, ಆ್ಯಪ್ ಸಾಲ ಕೊನೆಗೆ.

ಚೆಕ್ಕಿನ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ಸಾಲ ತೀರಿಸದಿದ್ದರೆ ಅದೊಂದೇ ಕಾರಣಕ್ಕೆ ಜೈಲಿಲ್ಲ. ಕೊಡಲಾಗದ ಬಡವನನ್ನು, ಅವನಲ್ಲಿ ಕೆಟ್ಟ ಉದ್ದೇಶವಿಲ್ಲದಿದ್ದಾಗ, ಡಿಕ್ರಿ (ಹಣ ಕೊಡಬೇಕೆಂಬ ಕೋರ್ಟ್ ಆದೇಶ) ಆದ ಸಾಲಕ್ಕಾಗಿ ಜೈಲಿಗೆ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1980ರ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲೇ ಹೇಳಿದೆ. ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸುವಂತೆಯೇ ಇಲ್ಲ. ಆದರೆ ಚೆಕ್ ಬೌನ್ಸ್ ಕ್ರಿಮಿನಲ್ ಪ್ರಕರಣ: ಎರಡು ವರ್ಷದವರೆಗೆ ಶಿಕ್ಷೆ, ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ. ಚೆಕ್ ವಾಪಸಾದ ಮಾಹಿತಿ ಬಂದ 30 ದಿನದೊಳಗೆ ಸಾಲ ಕೊಟ್ಟವರು ನೋಟಿಸ್ ಕೊಡಬೇಕು. ನೋಟಿಸ್ ಕೈಸೇರಿದ ಮೇಲೆ ಹಣ ಕಟ್ಟಲು ನಿಮಗೆ 15 ದಿನ. ಖಾತೆಯಿಂದ ತಾನಾಗಿ ಕಡಿತವಾಗುವ ಕಂತು ಬೌನ್ಸಾದರೂ ಇದೇ ರೀತಿ ಕೇಸು ಹಾಕಲು ಅವಕಾಶವಿದೆ. ಲಾಯರ್ ನೋಟಿಸ್ ಬಂದರೆ ಒಡೆಯದೆ ಮೂಲೆಗಿಡಬೇಡಿ, ಉತ್ತರ ಕೊಡಿ.

ಅವಧಿ ಹೆಚ್ಚಿಸಿಕೊಳ್ಳುವುದೇ, ಸೆಟಲ್‌ಮೆಂಟೇ?

ಹೆಚ್ಚಿನ ಮನೆಗಳಲ್ಲಿ ಆಯ್ಕೆ ಬಂದು ನಿಲ್ಲುವುದು ಈ ಎರಡರ ನಡುವೆ.

ಮೂತ್ರಪಿಂಡ ಕಸಿಯಾಗಿ ಚೇತರಿಸಿಕೊಳ್ಳುತ್ತಿರುವವರು, ಬೈಪಾಸ್ ಆಗಿ ಮೂರ್ನಾಲ್ಕು ತಿಂಗಳಲ್ಲಿ ಕೆಲಸಕ್ಕೆ ಮರಳುವವರು ಅವಧಿ ವಿಸ್ತರಣೆ ಕೇಳಬೇಕು. ಕಂತು ತಪ್ಪುವ ಮೊದಲೇ ಕೇಳುವುದು ಮುಖ್ಯ. ಎನ್‌ಪಿಎ ಆದಮೇಲೆ ಮ್ಯಾನೇಜರ ಕೈ ಕಟ್ಟಿಹೋಗಿರುತ್ತದೆ. ಆದರೆ ಇದರಿಂದ ಆಗುವ ಉಪಕಾರ ಜನ ಅಂದುಕೊಂಡಷ್ಟು ದೊಡ್ಡದಲ್ಲ. 20 ಲಕ್ಷದ ಗೃಹಸಾಲ, ಶೇ 9 ಬಡ್ಡಿ, 15 ವರ್ಷ ಎಂದಾದರೆ ಕಂತು 20,285 ರೂಪಾಯಿ. ಅದನ್ನೇ 25 ವರ್ಷಕ್ಕೆ ಎಳೆದರೆ 16,784. ತಿಂಗಳಿಗೆ ಉಳಿಯುವುದು ಮೂರೂವರೆ ಸಾವಿರ, ಒಟ್ಟಾರೆ ಹೆಚ್ಚಿಗೆ ಕಟ್ಟುವುದು ಸುಮಾರು 13.8 ಲಕ್ಷ. ಆ ಮೂರೂವರೆ ಸಾವಿರದಿಂದ ಇಂಜೆಕ್ಷನ್ ಖರ್ಚು ತೂಗುತ್ತದೆ ಎನ್ನುವುದಾದರೆ ಒಪ್ಪಿಕೊಳ್ಳಿ. ತೂಗದಿದ್ದರೆ ಮನೆಯನ್ನೇ ಮಾರುವ ಮಾತನ್ನು ಈಗಲೇ ಆಡಬೇಕು. ಕಷ್ಟದ ಮಾತು, ಆದರೂ ನೀವೇ ಗಿರಾಕಿ ಹುಡುಕಿ ಮಾರಿದ ಬೆಲೆಗೂ ಬ್ಯಾಂಕ್ ಹರಾಜಿನ ಬೆಲೆಗೂ ಬಹಳ ಅಂತರ ಇರುತ್ತದೆ. ಸಾಲ ತೀರಿದ 30 ದಿನದೊಳಗೆ ಬ್ಯಾಂಕ್ ಮೂಲ ಪತ್ರಗಳನ್ನು ಹಿಂತಿರುಗಿಸಬೇಕು, ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಕೊಡಬೇಕು.

ದುಡಿಮೆ ಮೊದಲಿನಂತಾಗುವುದಿಲ್ಲ ಎಂದು ಡಾಕ್ಟರ್ ಬರೆದುಕೊಟ್ಟಿದ್ದರೆ ಅವಧಿ ಎಳೆಯುವುದರಲ್ಲಿ ಅರ್ಥವಿಲ್ಲ. ಅಂಥವರು, ಒಂದಿಷ್ಟು ದುಡ್ಡು ಒಮ್ಮೆಗೇ ಹೊಂದಿಸಬಲ್ಲವರಾದರೆ, ಸೆಟಲ್‌ಮೆಂಟ್ ಕೇಳಬೇಕು. ಅಂದರೆ ಬಾಕಿಯಲ್ಲಿ ಒಂದು ಭಾಗ ಒಮ್ಮೆಗೇ ಕಟ್ಟಿ, ಉಳಿದುದನ್ನು ಬಿಡಿಸಿಕೊಂಡು ಸಾಲ ಮುಗಿಸುವುದು, ಬ್ಯಾಂಕಿನ ಭಾಷೆಯಲ್ಲಿ ಓಟಿಎಸ್. ಅರ್ಜಿಯನ್ನು ಶಾಖೆಗೆ ಕೊಟ್ಟು ಸೀಲು ಹಾಕಿಸಿದ ಪ್ರತಿ ಇಟ್ಟುಕೊಳ್ಳಿ. ಅದರ ಜೊತೆ ಡಾಕ್ಟರ ಪತ್ರ, ಡಿಸ್ಚಾರ್ಜ್ ಸಮ್ಮರಿ, ಮೂರು ತಿಂಗಳ ಔಷಧದ ಬಿಲ್ಲು, ಮನೆಯ ಆದಾಯ ಖರ್ಚಿನ ಒಂದು ಪುಟದ ಲೆಕ್ಕ, ಅಂಗವಿಕಲತೆಯ ಯುಡಿಐಡಿ ಕಾರ್ಡ್ ಇದ್ದರೆ ಅದರ ನಕಲು ಇರಲಿ. ಎಷ್ಟು ಕೊಡಬಲ್ಲಿರಿ, ಆ ಹಣ ಎಲ್ಲಿಂದ ಬರುತ್ತದೆ ಎಂದು ಬರೆಯಿರಿ. ಅಣ್ಣ ಕೊಡುತ್ತಾನೆ, ಸೈಟು ಮಾರಿದ್ದು, ಪಿಎಫ್ ಬಂದದ್ದು ಎಂದು ಸ್ಪಷ್ಟವಾಗಿ ಹೇಳಿದ ಅರ್ಜಿಗೇ ಬೆಲೆ. ಬಾಕಿ ಹಳೆಯದಾದಷ್ಟೂ ಬ್ಯಾಂಕ್ ತನ್ನ ಲೆಕ್ಕದಲ್ಲಿ ಅದಕ್ಕೆದುರಾಗಿ ಹಣ ತೆಗೆದಿಟ್ಟಿರುತ್ತದೆ, ಹಾಗಾಗಿ ರಿಯಾಯಿತಿಗೆ ಒಪ್ಪುವುದೂ ಸುಲಭವಾಗುತ್ತದೆ. ಮೊದಲ ತಿಂಗಳಲ್ಲೇ ಹೋಗಿ ಅರ್ಧ ಬಿಡಿ ಎಂದರೆ ಯಾರೂ ಬಿಡುವುದಿಲ್ಲ.

ಸೆಟಲ್‌ಮೆಂಟ್ ಕೆಡುವುದು ಬಹುತೇಕ ಒಂದೇ ಜಾಗದಲ್ಲಿ: ವಸೂಲಿ ಏಜೆಂಟ್ ಫೋನಿನಲ್ಲಿ ಹೇಳಿದ್ದನ್ನು ನಂಬಿ ಅವನು ಕೊಟ್ಟ ನಂಬರಿಗೆ ಯುಪಿಐ ಮಾಡುವುದು. ಆ ಹಣ ಬಡ್ಡಿಗೋ ದಂಡಕ್ಕೋ ಜಮೆಯಾಗಿ, ಇಲ್ಲವೇ ಎಲ್ಲೂ ಜಮೆಯಾಗದೆ, ಸಾಲ ಹಾಗೇ ನಿಂತಿರುತ್ತದೆ. ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ ಸಾಲದ ಖಾತೆ ಸಂಖ್ಯೆ, ಒಪ್ಪಿದ ಮೊತ್ತ, ಕೊನೆಯ ದಿನ, ಇದು ಪೂರ್ಣ ಮತ್ತು ಅಂತಿಮ ಇತ್ಯರ್ಥ ಎಂಬ ಮಾತು, ಇವಿಷ್ಟೂ ಇರುವ ಪತ್ರ ಕೈಗೆ ಬರುವವರೆಗೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಕಟ್ಟುವಾಗ ಸಾಲದ ಖಾತೆಗೇ ಕಟ್ಟಿ. ಕೊನೆಯ ದಿನ ತಪ್ಪಿದರೆ ರಿಯಾಯಿತಿ ಬಿದ್ದುಹೋಗಿ ಪೂರ್ತಿ ಸಾಲ ಮತ್ತೆ ಎದ್ದು ಕೂರುತ್ತದೆ. ಆಸ್ಪತ್ರೆಗೆ ಸೇರುವ ದಿನಗಳು ಹತ್ತಿರವಿದ್ದರೆ ತಾರೀಕನ್ನು ಮುಂದಕ್ಕೇ ಹಾಕಿಸಿಕೊಳ್ಳಿ. ಮುಗಿದ ಮೇಲೆ ಬೇಬಾಕಿ ಪತ್ರ ಪಡೆಯಿರಿ.

ಇದರ ಬೆಲೆಯೂ ಇದೆ. ನಿಮ್ಮ ಸಾಲಗಳ ಇತಿಹಾಸ ಇರುವ ಸಿಬಿಲ್ ವರದಿಯಲ್ಲಿ ಸಾಲ ಪೂರ್ತಿ ತೀರಿದ ಬದಲು ಸೆಟಲ್ ಆಗಿದೆ ಎಂದು ದಾಖಲಾಗುತ್ತದೆ, ಮುಂದೆ ಹೊಸ ಸಾಲ ಕಷ್ಟ. ಹೊಸ ಸಾಲವನ್ನೇ ಮಾಡಬಾರದ ಸ್ಥಿತಿಯಲ್ಲಿರುವವರಿಗೆ ಇದು ದೊಡ್ಡ ನಷ್ಟವಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ನಿಮ್ಮ ಪರವಾಗಿ ಬ್ಯಾಂಕಿನೊಂದಿಗೆ ಮಾತಾಡುತ್ತೇವೆ, ಕಂತು ನಮಗೆ ಕಟ್ಟಿ ಎನ್ನುವ ಸೆಟಲ್‌ಮೆಂಟ್ ಏಜೆನ್ಸಿಗಳ ಬಳಿ ಹೋಗಬೇಡಿ. ಅವರು ಮಾಡುವ ಕೆಲಸವನ್ನು ಮೇಲಿನ ಅರ್ಜಿಯೇ ಮಾಡುತ್ತದೆ.

ಸಾಲ ತೀರಿಸಲು ಸಾಲ

ಕಾರ್ಡಿನ ಬಾಕಿಗೆ ತಿಂಗಳಿಗೆ ಶೇ 3.5 ಬಡ್ಡಿ ಎಂದಿಟ್ಟುಕೊಳ್ಳಿ. ಒಂದು ಲಕ್ಷಕ್ಕೆ 3,500, ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ 630, ಒಟ್ಟು 4,130. ತಿಂಗಳಿಗೆ 5,000 ಕಟ್ಟಿದರೆ ಅಸಲು ಇಳಿಯುವುದು 870 ರೂಪಾಯಿ. ಈ ಲೆಕ್ಕ ನೋಡಿದವರಿಗೆ, ಗೃಹಸಾಲದ ಮೇಲೆ ಟಾಪ್‌ಅಪ್ ತೆಗೆದು ಕಾರ್ಡ್ ತೀರಿಸಿಬಿಡೋಣ ಎನಿಸುವುದು ಸಹಜ. ದುಡಿಮೆ ಗಟ್ಟಿಯಿದ್ದವರಿಗೆ ಅದು ಸರಿ. ಕಾಯಿಲೆಯ ಮನೆಗೆ ಅಪಾಯ: ಮನೆಯನ್ನು ಮುಟ್ಟಲಾಗದಿದ್ದ ಸಾಲವನ್ನು ನೀವೇ ಮನೆಯ ಮೇಲೆ ತಂದು ಕೂರಿಸಿದಂತಾಗುತ್ತದೆ. ಕಂತು ಕಟ್ಟಲು ಮೀಟರ್ ಬಡ್ಡಿಗೆ ಕೈಹಾಕುವುದಂತೂ ಬೇಡವೇ ಬೇಡ. ತಿಂಗಳಿಗೆ ನೂರಕ್ಕೆ ಐದು ಎಂದರೆ ವರ್ಷಕ್ಕೆ ಶೇ 60.

ಒಡವೆ ಸಾಲಕ್ಕೂ ಇದೇ ಕಣ್ಣು ಬೇಕು. ಮೂರು ಲಕ್ಷ ಬೆಲೆಯ ಒಡವೆ ಮೇಲೆ 1.8 ಲಕ್ಷ ಸಾಲ, ಶೇ 12 ಬಡ್ಡಿ ಎಂದರೆ ವರ್ಷಕ್ಕೆ 21,600. ಬಡ್ಡಿ ಕಟ್ಟಿ ಮೂರು ಸಲ ಬದಲಿಸಿದರೆ 64,800 ಹೋಯಿತು, ಅಸಲು ನಿಂತಲ್ಲೇ ನಿಂತಿದೆ. ಅದರ ಬದಲು ಈಗಲೇ ಬಿಡಿಸಿ ಮಾರಿದರೆ ಬಾಕಿ ತೀರಿ ಲಕ್ಷದ ಆಸುಪಾಸು ಕೈಗೆ ಬರುತ್ತದೆ. ತವರಿನ ಒಡವೆ ಮಾರುವ ನೋವು ನಿಜ, ಆದರೆ ಕಾಯಿಲೆ ಹೆಚ್ಚುತ್ತಾ ಹೋಗುವುದಾದರೆ ಹರಾಜಿಗೆ ಬಿಡುವುದಕ್ಕಿಂತ ಮಾರುವುದು ಮೇಲು. ಹರಾಜಾಗಿಯೇ ಹೋದರೆ, ಬಾಕಿ ಮುರಿದು ಮಿಕ್ಕ ಹಣವನ್ನು ನಿಮಗೆ ಕೊಡಲೇಬೇಕು. ಕೇಳಿ ಪಡೆಯಿರಿ.

ಕೊಡಲು ಏನೂ ಇಲ್ಲದವರು

ಮನೆ ಇಲ್ಲ, ಒಡವೆ ಇಲ್ಲ, ದುಡಿಮೆಯೂ ಇಲ್ಲ ಎನ್ನುವವರು ಹೆದರಿ ನೆಂಟರ ಬಳಿ ಸಾಲ ಮಾಡಿ ಸೆಟಲ್‌ಮೆಂಟಿಗೆ ಹೋಗಬೇಕಿಲ್ಲ. ಕಟ್ಟಲಾಗುತ್ತಿಲ್ಲ ಎಂದು ಡಾಕ್ಟರ ಪತ್ರದೊಂದಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಬರೆದು, ಸುಮ್ಮನಿರುವುದೂ ಒಂದು ದಾರಿ. ಸಾಲ ಕೊಟ್ಟವರು ಸಿವಿಲ್ ದಾವೆ ಹಾಕಿ ಡಿಕ್ರಿ ಪಡೆದರೂ ಜಪ್ತಿ ಮಾಡಲಾಗದ ವಸ್ತುಗಳ ಪಟ್ಟಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಲ್ಲಿದೆ: ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಮಾಂಗಲ್ಯದಂಥ ಕಳಚಲಾಗದ ಒಡವೆ, ಕಸುಬಿನ ಸಾಮಾನು, ರೈತರ ನೇಗಿಲು, ದನ ಮತ್ತು ವಾಸದ ಮನೆ, ಪಿಎಫ್, ಸರ್ಕಾರಿ ಪಿಂಚಣಿ, ಜೀವವಿಮೆಯ ಹಣ. ಸಂಬಳದಲ್ಲಿ ಮೊದಲ 1,000 ಮತ್ತು ಉಳಿದುದರ ಮೂರನೇ ಎರಡು ಭಾಗ ಮುಟ್ಟುವಂತಿಲ್ಲ. 25,000 ಸಂಬಳ ಇದ್ದರೆ ಕೈಹಾಕಬಹುದಾದದ್ದು 8,000, ಅದೂ ಒಂದು ಡಿಕ್ರಿಗೆ ಒಟ್ಟು 24 ತಿಂಗಳು ಮಾತ್ರ. ಭದ್ರತೆಯಿಲ್ಲದ ಸಾಲಕ್ಕೆ ಸಾಮಾನ್ಯವಾಗಿ ಮೂರು ವರ್ಷದೊಳಗೆ ದಾವೆ ಹಾಕಬೇಕು; ನಡುವೆ ನೀವು ಸಾಲ ಒಪ್ಪಿ ಸಹಿ ಹಾಕಿದರೆ ಆ ಮೂರು ವರ್ಷ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ದಾವೆಯಾದರೆ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳಬಹುದು, ಚೆಕ್ ಬೌನ್ಸ್ ಪ್ರಕರಣಗಳೂ ಅಲ್ಲಿ ಮುಗಿಯುತ್ತವೆ. ಖರ್ಚಿಲ್ಲ. ಆದರೆ ಅಲ್ಲಿ ಆದ ರಾಜಿಗೆ ಕೋರ್ಟ್ ಡಿಕ್ರಿಯಷ್ಟೇ ಬಲ, ಮೇಲ್ಮನವಿಯೂ ಇಲ್ಲ. ಗಡಿಬಿಡಿಯಲ್ಲಿ ತಿಂಗಳಿಗೆ ಐದು ಸಾವಿರ ಕೊಡುತ್ತೇನೆಂದು ಒಪ್ಪಿ ತಪ್ಪಿದರೆ ನೇರ ಜಾರಿಗೆ ಬರುತ್ತಾರೆ. ಔಷಧ ಕಳೆದು ಎರಡೇ ಸಾವಿರ ಉಳಿಯುವುದಾದರೆ ಎರಡೇ ಸಾವಿರ ಎನ್ನಿ. ಹೆಂಗಸರಿಗೆ, ಅಂಗವಿಕಲರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಸರ್ಕಾರದ ಖರ್ಚಿನಲ್ಲೇ ವಕೀಲರು ಸಿಗುತ್ತಾರೆ. ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಅಥವಾ 15100ಕ್ಕೆ ಕರೆ ಮಾಡಿ.

ಪಾಪರ್ ಆಗುವುದು, ಅಂದರೆ ದಿವಾಳಿ ಅರ್ಜಿ, ಕೊನೆಯ ದಾರಿ. 2016ರ ದಿವಾಳಿ ಸಂಹಿತೆಯ ವ್ಯಕ್ತಿಗಳ ಭಾಗ ಕಂಪನಿ ಸಾಲದ ಜಾಮೀನುದಾರರಿಗೆ ಮಾತ್ರ ಜಾರಿಯಾಗಿದೆ. ಸಾಮಾನ್ಯರಿಗೆ ಇರುವುದು ಇಂದಿಗೂ 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಆಸ್ತಿ ಕೋರ್ಟಿನ ರಿಸೀವರ್ ಕೈಗೆ ಹೋಗುತ್ತದೆ, ಬಿಡುಗಡೆಯ ಆದೇಶ ಆಗುವ ಮೊದಲು ಪಿತ್ರಾರ್ಜಿತ ಬಂದರೆ ಅದೂ ಹೋಗುತ್ತದೆ, ಅಡವಿಟ್ಟುಕೊಂಡವರ ಹಕ್ಕಿಗೆ ಇದರಿಂದ ತಡೆಯಿಲ್ಲ, ಪ್ರಕರಣ ವರ್ಷಗಟ್ಟಲೆ ಎಳೆಯುತ್ತದೆ. ಹಲವು ಕಡೆ ಡಿಕ್ರಿಗಳಾಗಿ, ಬೇರೆ ದಾರಿಗಳೆಲ್ಲ ಮುಚ್ಚಿದವರು ಮಾತ್ರ ವಕೀಲರ ಸಲಹೆ ಪಡೆದು ನೋಡಬೇಕಾದದ್ದು.

ವಸೂಲಿಯವರು ಮನೆಗೆ ಬಂದಾಗ

ಬ್ಯಾಂಕ್ ಮತ್ತು ಹಣಕಾಸು ಕಂಪನಿಯ ವಸೂಲಿಯವರು ಬೆಳಿಗ್ಗೆ 8ರ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಮೈಕ್ರೊಫೈನಾನ್ಸ್ ಸಂಘದ ಸಾಲಕ್ಕೆ ಈ ಹೊತ್ತು ಬೆಳಿಗ್ಗೆ 9ರಿಂದ ಸಂಜೆ 6. ಬೈಯುವುದು, ನೆಂಟರಿಗೆ ಹೇಳಿ ಮಾನ ಕಳೆಯುವುದು ಎರಡೂ ರಿಸರ್ವ್ ಬ್ಯಾಂಕ್ ನಿಯಮಕ್ಕೆ ವಿರುದ್ಧ. ತಾರೀಕು, ಹೊತ್ತು, ನಂಬರು, ಆಡಿದ ಮಾತು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮೊದಲು ಆ ಸಂಸ್ಥೆಗೆ ಲಿಖಿತ ದೂರು. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ತೃಪ್ತಿಯಾಗದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ, ಶುಲ್ಕವಿಲ್ಲ, ಮಾಹಿತಿಗೆ 14448. ನೋಂದಣಿಯಿಲ್ಲದ ಲೇವಾದೇವಿಯವರು ಕಿರುಕುಳ ಕೊಟ್ಟರೆ, 2025ರಲ್ಲಿ ರಾಜ್ಯ ಸರ್ಕಾರ ತಂದ ಕಿರುಸಾಲ ಕಿರುಕುಳ ತಡೆ ಕಾನೂನಿನಲ್ಲಿ ಹತ್ತು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಪೊಲೀಸ್ ಠಾಣೆಯಲ್ಲಿ ಆ ಕಾನೂನಿನ ಹೆಸರು ಹೇಳಿಯೇ ದೂರು ಕೊಡಿ. ಕರೆಗಳಿಂದ ಬದುಕೇ ಬೇಡವೆನಿಸಿದರೆ 14416ಕ್ಕೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸಕ್ಕೆ, ಆ ಕ್ಷಣವೇ ಫೋನ್ ಮಾಡಿ. ಹಗಲು ರಾತ್ರಿ ಯಾವ ಹೊತ್ತಿಗೂ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ.

ಮನೆಯವರಿಗೂ ಒಂದು ಮಾತು ಈಗಲೇ ತಿಳಿಸಿಡಿ. ಸಾಲಕ್ಕೆ ಸಹಿಯನ್ನೂ ಜಾಮೀನನ್ನೂ ಹಾಕದ ಹೆಂಡತಿ, ಗಂಡ, ಮಕ್ಕಳು ತಮ್ಮ ದುಡಿಮೆಯಿಂದ ಅದನ್ನು ತೀರಿಸಬೇಕಿಲ್ಲ. ಸಾಲ ಮಾಡಿದವರು ತೀರಿಕೊಂಡರೆ, ಅವರಿಂದ ಬಂದ ಆಸ್ತಿಯ ಬೆಲೆಯಷ್ಟಕ್ಕೆ ಮಾತ್ರ ವಾರಸುದಾರರ ಹೊಣೆ. ಆ ದಿನಗಳಲ್ಲೇ, ಇನ್ನೂ ತಿಥಿ ಮುಗಿದಿರದ ಮನೆಗೆ, ಇಲ್ಲೊಂದು ಸಹಿ ಹಾಕಿ ಅಮ್ಮಾ, ಕಂತು ಕಡಿಮೆ ಮಾಡಿಕೊಡುತ್ತೇವೆ ಎಂದು ಕಾಗದ ಹಿಡಿದು ಬರುತ್ತಾರೆ. ಆ ಸಹಿ ಬಿದ್ದರೆ ಸತ್ತವರ ಸಾಲ ಬದುಕಿರುವವರ ಸಾಲವಾಗುತ್ತದೆ. ಕಾಗದ ಇಟ್ಟು ಹೋಗಿ, ವಕೀಲರಿಗೆ ತೋರಿಸಿ ಹೇಳುತ್ತೇವೆ ಎಂದಷ್ಟೇ ಹೇಳಿ ಕಳಿಸಬೇಕು. ಸಾಲದ ವಿಮೆ ಇದ್ದರೆ ಕ್ಲೇಮ್ ಹಾಕಲು ಬೇಕಾದ ಪಾಲಿಸಿ ಪ್ರತಿ, ಸಾಲದ ಖಾತೆ ಸಂಖ್ಯೆ, ಆಸ್ಪತ್ರೆಯ ಕಾಗದಗಳು ಒಂದೇ ಫೈಲಿನಲ್ಲಿರಲಿ. ಆ ಫೈಲು ಎಲ್ಲಿದೆ ಎಂದು ಮನೆಯಲ್ಲಿ ಇಬ್ಬರಿಗಾದರೂ ಗೊತ್ತಿರಲಿ.